ಹದಿಮೂರು ಹೊಲಿಗೆ

ಕಡತ ಅಂದರೆ ನಿಮಗೆ ಫೈಲು ನೆನಪಾಗಬಹುದು.
ಅದಲ್ಲ. ಇದು ಬಟ್ಟೆ.
ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ
ಬಳಿದು, ಒಣಗಿಸಿ, ಮಡಿಸಿ ಮಡಿಸಿ ಇಟ್ಟ ಕರೀ ಬಟ್ಟೆ.
ಬಳಪದಲ್ಲಿ ಬರೆದದ್ದು. ಜಾಗ ಸಾಲದಾದಾಗ ಒರೆಸಿ
ಮತ್ತೆ ಸರಿ ಬಳಿದು ಮತ್ತೆ ಬರೆದದ್ದು.

ಯಂತ್ರ ಕಲಿತು ಬಂದದ್ದು ಬಿಳೀ ಹಾಳೆ, ಕರೀ ಅಕ್ಷರ.
ಇಲ್ಲಿ ಇರುಳೇ ಹಾಳೆ.
ಮೊದಲ ವಾರ ಅದು ಇಡೀ ಪುಟವನ್ನು
'ಚಿತ್ರ' ಎಂದು ಒಂದೇ ಚೌಕದಲ್ಲಿ ಕಟ್ಟಿಹಾಕಿ
ಕೈತೊಳೆದುಕೊಂಡಿತು.

ಚಿತ್ರದುರ್ಗ, ಮೆದೇಹಳ್ಳಿ ರಸ್ತೆ, ಗೊಬ್ಬರದಂಗಡಿಯ ಮೇಲಿನ ಮಹಡಿ.
ಎರಡು ಕುರ್ಚಿ. ಪುಟಕ್ಕೆ ಹನ್ನೊಂದು ರೂಪಾಯಿ.
ಯಂತ್ರ ಎಳೆದ ಗೆರೆ ಸರಿಯೋ ತಪ್ಪೋ ನಾವು ಹೇಳಬೇಕು:
ತಲೆಬರಹಕ್ಕೆ ಕೆಂಪು, ಸಾಲಿಗೆ ಹಸಿರು,
ಅಂಚಿನ ಮಾತಿಗೆ ಹಳದಿ, ಲೆಕ್ಕದ ಮನೆಗಳಿಗೆ ನೀಲಿ,
ಮಿಕ್ಕದ್ದೆಲ್ಲ 'ಕಲೆ', ಬೂದು.
ಎಷ್ಟೊಂದು ಬೂದು! ದೀಪದೆಣ್ಣೆ ಬೂದು, ಗೆದ್ದಲು ಬೂದು,
ಯಾರದೋ ಹೆಬ್ಬೆರಳೂ ಬೂದು.

ರಾಗಿಯ ಲೆಕ್ಕದಡಿ ಒರೆಸಿದ ಇನ್ನೊಂದು ಲೆಕ್ಕ ತೇಲುತ್ತದೆ.
ನಮ್ಮ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡೂ ಕಾಣುತ್ತವೆ.
ಒಂದರ ಮೇಲೊಂದು ಹಸಿರು ಗೆರೆ ಬಂದರೆ
ಅಡಿಯದನ್ನು ಅಳಿಸಿ ಎಂದು ಪಾಲಾಕ್ಷಪ್ಪನವರ ಅಪ್ಪಣೆ.
"ತೀರಿದ ಸಾಲ ಕೆದಕಬಾರದಮ್ಮ."

ನೂರಾ ನಲವತ್ತೊಂದನೇ ಮಡಿಕೆ.
ತಳದಲ್ಲಿ ಒಂಟಿ ಹಸಿರು ಗೆರೆ. 'ಸಾಲು' ಅಂದಿತು ಯಂತ್ರ,
ನೂರಕ್ಕೆ ತೊಂಬತ್ತೇಳು ಖಾತ್ರಿ.
ಹಿಗ್ಗಿಸಿ ನೋಡಿದೆ. ಅದು ಕ ಅಲ್ಲ, ರ ಅಲ್ಲ, ಅಂಕಿಯೂ ಅಲ್ಲ.
ಓರೆ ಗೀಟು, ಓರೆ ಗೀಟು, ಓರೆ ಗೀಟು.
ಬೂದಿಗೆ ದಬ್ಬಲು ಬೆರಳೆತ್ತಿದ್ದೆ,

ಪಕ್ಕದ ಕುರ್ಚಿಯಿಂದ ಮೆಹಜಬೀನ್ ಬಾಗಿದಳು.
ಅವಳಪ್ಪ ಸಂತೇಪೇಟೆಯಲ್ಲಿ ರಫೂ ಹಾಕುವವರು,
ಮದುವೆ ಸೀರೆಗೆ ಇಲಿ ಕಚ್ಚಿದ್ದು
ಬೀಗರಿಗೂ ಗೊತ್ತಾಗದಂತೆ ಮುಚ್ಚುವವರು.
"ತಡಿಯೇ. ಹೊಲಿಗೆ ಅದು.
ಸರಿ ಬಳಿದ ಮೇಲೆ ಹರಿದೈತೆ, ಆಮೇಲೆ ಹೊಲಿದಾರೆ,
ನೋಡು, ನೂಲು ಬೆಳ್ಳಗೇ ಐತೆ."
ಎಣಿಸಿದಳು. ಹದಿಮೂರು. ಕೊನೇದು ಗಂಟು.
"ವಾಲಿರೋದು ಈ ಕಡೆಗೆ. ಎಡಗೈಯೋರು."

ಅಷ್ಟರಲ್ಲಿ ಕರೆಂಟು ಹೋಯಿತು.
ಕಿಟಕಿಯಾಚೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು
ತಮ್ಮ ಪಾಡಿಗೆ ತಿರುಗುತ್ತಿದ್ದವು, ಯಾವ ಊರಿಗೋ.
ಆರಿದ ತೆರೆಯೂ ಒಂದು ಕಡತದಂತೆ ಕಪ್ಪಗಿತ್ತು.
ಅದರೆದುರು ಕೂತು ಆ ಎಡಗೈ ಯಾರದೆಂದು ಯೋಚಿಸಿದೆವು.
ಶಾನುಭೋಗನದಲ್ಲ, ಅವನ ಬಳಪ ಬಲಕ್ಕೆ ವಾಲುತ್ತದೆ.
ಕೊಟ್ಟವರು, ಕೊಂಡವರು, ಓಡಿಹೋದವರು,
ಸತ್ತ ಎತ್ತಿನ ಹೆಸರು ಸಹ ಇರುವ ಈ ಕಡತದಲ್ಲಿ
ಅವಳ ಹೆಸರಿಲ್ಲ.
(ಅವಳು ಎಂದೆ. ಪುರಾವೆ ಏನೂ ಇಲ್ಲ.
ಎಡಗೈಲಿ ಬಡಿಸಿ ಬೈಸಿಕೊಂಡ ನೆನಪು ನನ್ನದು.)

ಕರೆಂಟು ಬಂತು. ಪಟ್ಟಿಯಲ್ಲಿ 'ಹೊಲಿಗೆ' ಇರಲಿಲ್ಲ. ಸೇರಿಸಿದೆವು.
ಬಣ್ಣ ಯಾವುದು ಎಂದು ಕೇಳಿತು. ರಾಣಿ ಬಣ್ಣ ಕೊಟ್ಟೆವು.
'ಓದಿ ಬರೆಯಿರಿ' ಎಂಬ ಖಾಲಿ ಮನೆಯಲ್ಲಿ
ಮೆಹಜಬೀನ್ ಟೈಪು ಮಾಡಿದಳು:
ಹದಿಮೂರು. ಒಂದು ಗಂಟು. ಎಡಗೈ.
ಆ ಪುಟದ ಹನ್ನೊಂದು ರೂಪಾಯಿಯನ್ನು
ಪಾಲಾಕ್ಷಪ್ಪನವರು ಮುರಿದುಕೊಂಡರು.

ಮುಂದಿನ ಸೋಮವಾರ ಮೋಡಿ ಕಾಗದಗಳ ಕಟ್ಟು.
ಮೊದಲು ಉದ್ದಕ್ಕೊಂದು ಗೆರೆ, ಆ ಗೆರೆಗೆ ಜೋತುಬಿದ್ದು
ಕೈಯೆತ್ತದೆ ಓಡುವ ಬರಹ, ಸುತ್ತಿ, ಬಳುಕಿ, ಮತ್ತೆ ಮೇಲೆದ್ದು.
ಯಂತ್ರ ತುಸು ತಡವರಿಸಿತು. ಆಮೇಲೆ ಪುಟದ ತುಂಬ ರಾಣಿ ಬಣ್ಣ:
ಹೊಲಿಗೆ, ಹೊಲಿಗೆ, ಹೊಲಿಗೆ.

ನಕ್ಕೆವು. ತಿದ್ದಬೇಕಿತ್ತು. ತಿದ್ದಿದೆವು ಕೂಡ,
ಕೆಳಗಿನಿಂದ ತರಿಸಿದ ಚಾ ಪೂರ್ತಿ ಆರಿದ ಮೇಲೆ.